ಊರಿಗೆಲ್ಲ ಕೇಳಿಸಿದ ಕೆಮ್ಮು

ಕೆಮ್ಮಿಗೂ ಒಂದು ಮರ್ಯಾದೆ ಇದ್ದ ಕಾಲವಿತ್ತು. ನಮ್ಮ ತಾತ ಹೊಲದಿಂದ ಬಂದು ಹಟ್ಟಿ ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮಿದರೆ ಸಾಕು, ಒಳಗೆ ಕಾಲು ಚಾಚಿ ಕೂತಿದ್ದ ಸೊಸೆಯರೆಲ್ಲ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಿದ್ದರು. ಅರಳೀಕಟ್ಟೆಯ ಪಂಚಾಯಿತಿಯಲ್ಲಿ ಹಿರಿಯರೊಬ್ಬರು ಕೆಮ್ಮಿದರೆ, ಇನ್ನು ಮಾತು ಸಾಕು, ತೀರ್ಮಾನಕ್ಕೆ ಬನ್ನಿ ಎಂದರ್ಥ. ಹೆಣ್ಣು ನೋಡಲು ಹೋದ ಮನೆಯಲ್ಲಿ ಗಂಡಿನ ಸೋದರಮಾವ ಕೆಮ್ಮಿದರೆ ಕಾಫಿ ತಡವಾಯಿತು ಎಂದರ್ಥ. ಚೆಂಬು ಹಿಡಿದು ಬೇಲಿ ಮರೆಗೆ ಹೋದವರು ಕೂಡ ಯಾರದಾದರೂ ಹೆಜ್ಜೆ ಸದ್ದು ಕೇಳಿದರೆ ಕೆಮ್ಮಿ ತಮ್ಮ ಇರವನ್ನು ತಿಳಿಸುತ್ತಿದ್ದರು. ಬಾಯಿಬಿಟ್ಟು ಹೇಳಲಾಗದ್ದನ್ನೆಲ್ಲ ನಮ್ಮ ಕಡೆಯ ಜನ ಕೆಮ್ಮಿಯೇ ಹೇಳಿ ಮುಗಿಸುತ್ತಿದ್ದರು. ಆ ಮಹಾಮಾರಿ ಬಂದ ಮೊದಲ ಬೇಸಿಗೆಯಲ್ಲಿ ಇಂಥ ಕೆಮ್ಮಿನ ಮಾನ ಹೋಯಿತು. ಮಳವಳ್ಳಿಯ ಮಟ್ಟಿಗೆ ಅದರ ಮಾನ ಕಳೆದವನು ನಾನೇ ಎಂದು ಇವತ್ತಿಗೂ ಹೇಳುವವರಿದ್ದಾರೆ.

ನನ್ನ ಹೆಸರು ಮಾದೇವ. ನಮ್ಮೂರಲ್ಲಿ ಈ ಹೆಸರಿನವರು ಬೀದಿಗೆ ನಾಲ್ಕು ಜನ ಸಿಗುವುದರಿಂದ ಗುರುತಿಗೆಂದು ನನ್ನನ್ನು ಮೈಕ್ ಮಾದೇವ ಎನ್ನುತ್ತಾರೆ. ಮದುವೆ, ತಿಥಿ, ಗಣಪತಿ, ಚುನಾವಣೆ, ಯಾವುದಕ್ಕಾದರೂ ಸರಿಯೇ, ಮೈಕ್ ಸೆಟ್ ಬಾಡಿಗೆಗೆ ಕೊಡುವುದು ನನ್ನ ಕಸುಬು. ಮನೆಯ ಎದುರಿಗೆ, ರಸ್ತೆಯ ಆಚೆ, ತಗಡಿನ ಸೂರಿನ ಒಂದು ಗೋಡೌನ್ ಇದೆ. ಸ್ಪೀಕರ್ ಪೆಟ್ಟಿಗೆ, ಹಾರ್ನು, ವೈರಿನ ಸುರುಳಿ ಎಲ್ಲವೂ ಅಲ್ಲೇ. ಆ ವರ್ಷ ಮದುವೆ ನಿಂತವು, ಹಬ್ಬ ನಿಂತವು, ಜನ ಸತ್ತರೂ ಸದ್ದಿಲ್ಲದೆ ಮಣ್ಣು ಮಾಡಿಬರುತ್ತಿದ್ದರು. ನನ್ನ ಹಾರ್ನುಗಳೊಳಗೆ ಜೇಡ ಬಲೆ ಕಟ್ಟಿತು. ಮಂಡ್ಯದ ಒಂದು ಶಾಲೆಯಲ್ಲಿ ಟೀಚರಾಗಿದ್ದ ನನ್ನ ಒಬ್ಬಳೇ ಮಗಳು ಪವಿತ್ರ ಶಾಲೆ ಮುಚ್ಚಿದ ಮೇಲೆ ಮನೆಗೆ ಬಂದು, ಸಿಗ್ನಲ್ ಸಿಗುವ ಮಹಡಿಯ ಮೇಲೆ ಫೋನನ್ನು ನೀರಿನ ಟ್ಯಾಂಕಿಗೆ ಒರಗಿಸಿಕೊಂಡು ಬೆಳಗಿನಿಂದ ಮಧ್ಯಾಹ್ನದವರೆಗೆ ಪಾಠ ಮಾಡುತ್ತಿದ್ದಳು. ಪಾಠಕ್ಕಿಂತ ಹೆಚ್ಚಾಗಿ ಕೇಳುತ್ತಿದ್ದದ್ದು ಎರಡೇ ಮಾತು: "ಮೈಕ್ ಆನ್ ಮಾಡ್ಕೊಳ್ಳಿ, ಮೈಕ್ ಆಫ್ ಮಾಡ್ಕೊಳ್ಳಿ." ನಮ್ಮ ಮನೆತನದ ಕಸುಬು ಅಂತೂ ಮುಂದಿನ ತಲೆಮಾರಿಗೆ ದಾಟಿತು ಎಂದು ಕೆಳಗೆ ಕೂತು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಆದರೆ ನಮ್ಮ ಮನೆಯಲ್ಲಿ ಸಮಾಧಾನ ಅನ್ನುವ ಪದಾರ್ಥ ಅಷ್ಟಾಗಿ ಇರಲಿಲ್ಲ. ಪವಿತ್ರಳ ಮದುವೆ ನಿಶ್ಚಯವಾಗಿ, ಛತ್ರ ಗೊತ್ತಾಗಿ, ಲಗ್ನಪತ್ರಿಕೆ ಹಂಚಿ ಮುಗಿಯುವ ಹೊತ್ತಿಗೆ ಲಾಕ್‌ಡೌನ್ ಬಂದು ಎಲ್ಲ ನಿಂತುಹೋಗಿತ್ತು. ಗಂಡು ಮದ್ದೂರಿನವನು, ಹರೀಶ. ಅಪ್ಪ ಸಿದ್ದೇಗೌಡರದು ಎಳನೀರಿನ ಮಂಡಿ. ಹುಡುಗ ಚುರುಕು. ಮಂಡಿಯ ವ್ಯಾಪಾರ ಕುಸಿದಾಗ ತಲೆ ಮೇಲೆ ಕೈಹೊತ್ತು ಕೂರದೆ, ಫೋನಿನಲ್ಲೇ ಗುಂಪು ಮಾಡಿಕೊಂಡು ಮೈಸೂರಿನ ಬಡಾವಣೆಗಳ ಮನೆಬಾಗಿಲಿಗೆ ಟೆಂಪೋದಲ್ಲಿ ಎಳನೀರು ಮುಟ್ಟಿಸುವ ದಾರಿ ಕಂಡುಕೊಂಡಿದ್ದ. ಅಪ್ಪನದು ಬೇರೆ ದಾರಿ. ಸಿದ್ದೇಗೌಡರಷ್ಟು ಆ ಕಾಯಿಲೆಗೆ ಹೆದರಿದವರನ್ನು ನಾನು ನೋಡಿಲ್ಲ. ಮಂಡಿಗೆ ಬಂದ ಎಳನೀರನ್ನೆಲ್ಲ ಸೋಪಿನ ನೀರಲ್ಲಿ ತೊಳೆಸಿ, ಕುಡಿದವರ ಬಾಯಲ್ಲಿ ನೊರೆ ಬರಿಸಿದ ಪುಣ್ಯಾತ್ಮರು. ಮೈಸೂರಿಗೆ ಹೋಗಿಬರುತ್ತಾನೆಂದು ಹೆತ್ತ ಮಗನನ್ನೇ ಮನೆಗೆ ಸೇರಿಸದೆ ಮಂಡಿಯ ಕೋಣೆಯಲ್ಲಿ ಮಲಗಿಸಿ, ಊಟದ ಡಬ್ಬಿಯನ್ನು ಗೇಟಿಗೆ ತೂಗುಹಾಕಿಸುತ್ತಿದ್ದರು. ಅಂತೂ ಸರ್ಕಾರದವರು ಕಡಿಮೆ ಜನರಿಟ್ಟುಕೊಂಡು ಮದುವೆ ಮಾಡಬಹುದು ಎಂದಾಗ, ಆಷಾಢ ಹುಟ್ಟುವ ಮುಂಚಿನ ಕೊನೆಯ ಮುಹೂರ್ತಕ್ಕೆ, ನಮ್ಮ ಮನೆ ಮುಂದೆಯೇ ಚಪ್ಪರ ಹಾಕಿ ಧಾರೆ ಎರೆಯುವುದೆಂದು ಎರಡೂ ಕಡೆಯವರು ಒಪ್ಪಿದೆವು. ಒಮ್ಮೆ ಮುಂದಕ್ಕೆ ಹೋದ ಮದುವೆ ಇನ್ನೊಮ್ಮೆ ಮುಂದಕ್ಕೆ ಹೋದರೆ ಮುರಿದುಬಿತ್ತು ಅಂತಲೇ ಲೆಕ್ಕ ಎಂದು ನನ್ನ ಹೆಂಡತಿ ಸುನಂದ ದೇವರ ಮುಂದೆ ದೀಪ ಹಚ್ಚುವಾಗಲೂ ಗೊಣಗುತ್ತಿದ್ದಳು. ಅದಕ್ಕೆ ಸರಿಯಾಗಿ ಸಿದ್ದೇಗೌಡರ ನಂಟರಲ್ಲೇ ಒಂದು ಹೆಣ್ಣಿದೆ, ಅವರ ಕಡೆಯಿಂದ ಒತ್ತಾಯವಿದೆ ಎಂಬ ಸುದ್ದಿಯೂ ನಮ್ಮ ಕಿವಿಗೆ ಬಿದ್ದಿತ್ತು.

ಮದುವೆಗೆ ಇನ್ನು ನಾಲ್ಕೈದು ದಿನ ಇರುವಾಗ ಪುರಸಭೆಯವರು ಕರೆದು, ಆಟೋಗೆ ಮೈಕ್ ಕಟ್ಟಿಕೊಂಡು ಬೀದಿಬೀದಿಯಲ್ಲಿ ಎಚ್ಚರಿಕೆ ಹೇಳಿಕೊಂಡು ಬರಬೇಕು ಎಂದರು. ಯಾರನ್ನಾದರೂ ಕಳಿಸಬಹುದಿತ್ತು. ಆದರೆ ಎಷ್ಟೋ ತಿಂಗಳಿಂದ ಮೈಕ್ ಹಿಡಿಯದ ಬಾಯಿ, ನವೆ ಬಂದಿತ್ತು. ಪಾಷಾನ ಆಟೋಗೆ ಎರಡು ಹಾರ್ನು ಕಟ್ಟಿ ನಾನೇ ಹಿಂದೆ ಕೂತೆ. ಪೇಟೆ ಬೀದಿ, ಕೋಟೆ ಬೀದಿ ಎಲ್ಲ ಸುತ್ತಿದೆವು. ಜನ ಕಿಟಕಿಯಲ್ಲಿ ಇಣುಕಿ ನೋಡುವುದು, ನನ್ನ ದನಿ ಖಾಲಿ ರಸ್ತೆಯ ಗೋಡೆಗಳಿಗೆ ತಾಗಿ ನನಗೇ ವಾಪಸ್ ಬರುವುದು, ಒಟ್ಟು ನನಗೆ ನಾನೇ ದೊಡ್ಡ ಮನುಷ್ಯನಂತೆ ಕಂಡೆ. ನಡುವೆ ಹಸಿವಾಯಿತು. ಸುನಂದ ಕಟ್ಟಿಕೊಟ್ಟಿದ್ದ ಖಾರದ ಪುರಿ ಜೇಬಲ್ಲಿತ್ತು. ಒಂದು ಬೊಗಸೆ ಬಾಯಿಗೆ ಹಾಕಿಕೊಂಡು, ಸರಿಯಾಗಿ ಅಗಿಯದೆ, "ಕೆಮ್ಮು, ನೆಗಡಿ, ಜ್ವರ ಇರುವವರು ಕೂಡಲೇ" ಎನ್ನುವಷ್ಟರಲ್ಲಿ ಒಣಮೆಣಸಿನ ಚೂರೊಂದು ಅಡ್ಡದಾರಿ ಹಿಡಿದು ಗಂಟಲಿಗೆ ಇಳಿಯಿತು.

ಆಮೇಲೆ ಬಂದದ್ದು ಕೆಮ್ಮು ಅನ್ನಬಾರದು, ಅದೊಂದು ಮೆರವಣಿಗೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಉಸಿರು ಮೇಲಕ್ಕಿಲ್ಲ ಕೆಳಕ್ಕಿಲ್ಲ. ಮೈಕನ್ನು ಆರಿಸಬೇಕು ಎಂಬುದು ಹೊಳೆಯಲೇ ಇಲ್ಲ. ನನ್ನ ಕಸುಬಿನಲ್ಲಿ ನಾನು ಒಳ್ಳೆಯ ಸಾಮಾನನ್ನೇ ಇಟ್ಟಿರುವವನಾದ್ದರಿಂದ ಗಂಟಲೊಳಗಿನ ಗೊರಗೊರ ಕೂಡ ಸ್ಪಷ್ಟವಾಗಿ ಬೀದಿಯ ಕೊನೆಯವರೆಗೆ ಕೇಳಿಸಿತು. ಮೊದಲು ಕೆಲವರು, ಇವನು ಹೇಗೆ ಕೆಮ್ಮಿದರೆ ಅಪಾಯ ಎಂದು ಮಾದರಿ ತೋರಿಸುತ್ತಿದ್ದಾನೆ ಅಂದುಕೊಂಡರಂತೆ. ಅದು ನಿಲ್ಲದಿದ್ದಾಗ ಪಟಪಟನೆ ಕಿಟಕಿಗಳು ಮುಚ್ಚಿದವು. ಆಟೋ ನಿಂತಿತು. ತಲೆ ಎತ್ತಿ ನೋಡಿದರೆ ಪಾಷಾ ಇಳಿದು, ಅಷ್ಟು ದೂರದ ಲೈಟುಕಂಬದ ಹಿಂದೆ ನಿಂತಿದ್ದ.

"ಅಣ್ಣೋ, ನೀವು ಇಳೀರಿ," ಎಂದ.

"ಮೆಣಸಿನಕಾಯಿ ಕಣೋ ಪಾಷಾ," ಎಂದೆ. ಆ ಮಾತೂ ಮೈಕಿನಲ್ಲೇ ಹೋಯಿತು.

"ಇರ್ಬೋದಣ್ಣ. ನಂಗೆ ಮನೇಲಿ ಮೂರು ಮಕ್ಳವೆ. ಇಳೀರಿ ನೀವು."

ಅವನನ್ನು ಬೈಯಲು ಮನಸ್ಸು ಬರಲಿಲ್ಲ. ಇಳಿದು ನಡೆದೆ. ನಾನು ಮನೆ ತಲುಪುವ ಮುಂಚೆಯೇ ಸುದ್ದಿ ತಲುಪಿತ್ತು. ಸುನಂದ ಗೇಟಿಗೆ ಒಳಗಿಂದ ಚಿಲಕ ಹಾಕಿ, ಸೆರಗನ್ನು ಮೂಗಿಗೆ ಕಟ್ಟಿಕೊಂಡು ನಿಂತಿದ್ದಳು. ರಸ್ತೆಯ ಆಚೆ ಗೋಡೌನ್ ಬಾಗಿಲಲ್ಲಿ ಚಾಪೆ, ದಿಂಬು, ಬಕೆಟ್ಟು, ನನ್ನ ಎರಡು ಲುಂಗಿ ಆಗಲೇ ಬಂದು ಕೂತಿದ್ದವು.

"ಖಾರ ಕಣೆ ಗಂಟಲಿಗೆ ಹತ್ತಿದ್ದು. ನೀನು ಮಾಡಿದ ಪುರಿದೇ ಖಾರ," ಎಂದೆ.

"ಖಾರವೇ ಇರ್ಲಿ. ಖಾರ ಅಂತ ರಿಪೋರ್ಟ್ ಬರ್ಲಿ," ಎಂದಳು.

ಅವಳದು ತಪ್ಪಲ್ಲ. ಒಳಗೆ ನಮ್ಮ ಅವ್ವ ಇತ್ತು, ಉಬ್ಬಸದ ಜೀವ. ಮಳೆ ಮೋಡ ಕಂಡರೆ ಸಾಕು, ಅದರ ಎದೆ ಕುಲುಮೆಯ ತಿದಿಯಂತೆ ಏಳುತ್ತಿತ್ತು. ಈ ಕಾಯಿಲೆ ಅಂಥವರನ್ನು ಹುಡುಕಿಕೊಂಡು ಬರುತ್ತದೆ ಎಂದು ಬೆಳಗಿನಿಂದ ಸಾಯಂಕಾಲದವರೆಗೆ ಟೀವಿಯಲ್ಲಿ ಕೂಗುತ್ತಿದ್ದರು. ಆ ದಿನದ ಬೆಳಗ್ಗೆಯವರೆಗೂ ನಾನು ಅದೇ ಮನೆಯಲ್ಲಿ ಎಲ್ಲರ ಜೊತೆ ಉಂಡು ಎದ್ದವನು, ನನಗೆ ಬಂದಿದ್ದರೆ ಅವರಿಗೂ ಬಂದಿರಬೇಕಲ್ಲ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಆಗಿನ ಲೆಕ್ಕಾಚಾರಗಳೇ ಹಾಗಿದ್ದವು. ಚಾಪೆ ಬಿಡಿಸಿ ಸ್ಪೀಕರ್ ಪೆಟ್ಟಿಗೆಗಳ ನಡುವೆ ಕೂತೆ.

ಅರ್ಧ ಗಂಟೆಯೊಳಗೆ ಸಿದ್ದೇಗೌಡರ ಫೋನು ಬಂತು.

"ಬೀಗ್ರೆ, ನಿಮ್ ಕೆಮ್ಮು ಬಂದದೆ ನನ್ ಫೋನ್ಗೆ. ಯಾರೋ ವೀಡಿಯೊ ಯಿಡ್ದು ಕಳ್ಸವ್ರೆ. ಏನಿದು?"

ಮೆಣಸಿನಕಾಯಿಯ ಕಥೆಯನ್ನು ಮೊದಲಿಂದ ಹೇಳಿದೆ. ಕೇಳಿಸಿಕೊಂಡರು. "ಆಯ್ತು, ಟೆಸ್ಟ್ ಮಾಡ್ಸಿ. ರಿಪೋರ್ಟ್ ಬಂದ್ರೆ ಮದ್ವೆ. ಬರ್ನಿಲ್ಲ ಅಂದ್ರೆ ಮುಂದುಕ್ಕಾಕಣ. ನಮ್ ಜೀವ ನಮ್ಗೆ ಮುಖ್ಯ ಕನ್ರಿ," ಎಂದು ಇಟ್ಟುಬಿಟ್ಟರು. ಬೀಗರ ಮಾತಿನಲ್ಲಿ ತಪ್ಪು ಹುಡುಕಲು ನಾನು ಆ ಸಂಜೆಯೆಲ್ಲ ಪ್ರಯತ್ನಪಟ್ಟೆ. ಸಿಗಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಮಾರನೆಯ ದಿನ ಆಸ್ಪತ್ರೆಯವರು ಬಂದು ಮೂಗಿನೊಳಗೆ ಕಡ್ಡಿ ತೂರಿಸಿ ತೆಗೆದುಕೊಂಡು ಹೋದರು. ಆ ಕಡ್ಡಿ ಹೋದ ದೂರ ನೋಡಿದರೆ ಅವರಿಗೆ ನನ್ನ ಹಳೆಯ ಯೋಚನೆಗಳೂ ಸಿಕ್ಕಿರಬೇಕು. ಫಲಿತಾಂಶ ಹೊರಗಡೆಯಿಂದ ಬರಬೇಕು, ಸಾಲು ದೊಡ್ಡದಿದೆ, ಕಾಯಿರಿ ಎಂದರು. ಕಾಯುವ ಮನುಷ್ಯನಿಗೆ ಆ ಕಾಯಿಲೆಯ ಎಲ್ಲ ಲಕ್ಷಣಗಳೂ ಒಂದೊಂದಾಗಿ ಬರುತ್ತವೆ ಎಂಬುದು ನನ್ನ ಅನುಭವ. ತಗಡಿನ ಸೂರಿನ ಕೆಳಗೆ ಬಿಸಿಲಿಗೆ ಮೈ ಸುಟ್ಟರೆ ಜ್ವರ ಎನಿಸುತ್ತಿತ್ತು. ದೂಳಿಗೆ ಸೀನು ಬಂದರೆ ಬಾಯಿಗೆ ದಿಂಬು ಒತ್ತಿಕೊಂಡು ಸೀನುತ್ತಿದ್ದೆ. ರಬ್ಬರ್ ವೈರನ್ನು ಮೂಸಿ, ವಾಸನೆ ಬಂತು ಎಂದು ಖುಷಿಪಟ್ಟು, ಇದು ನಿಜವಾದ ವಾಸನೆಯೋ ನೆನಪಿನ ವಾಸನೆಯೋ ಎಂದು ಮತ್ತೆ ಮೂಸುತ್ತಿದ್ದೆ. ನಗು ಬರುತ್ತದೆ ಈಗ. ಆಗ ಬರುತ್ತಿರಲಿಲ್ಲ. ಗಾಳಿಗಿಂಡಿಯಿಂದ ಎದುರು ಮನೆಯ ಜಗುಲಿ ಕಾಣುತ್ತಿತ್ತು. ಅವ್ವ ಅಲ್ಲಿ ಕೂತು ಎಲೆಅಡಿಕೆ ಕುಟ್ಟುತ್ತಾ, ಆಗಾಗ ಕುಟ್ಟುವುದನ್ನು ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಿತ್ತು. ಅದು ನಿಲ್ಲಿಸಿದಾಗಲೆಲ್ಲ ನನ್ನ ಉಸಿರೂ ನಿಲ್ಲುತ್ತಿತ್ತು. ಮೆಣಸಿನಕಾಯಿ ಎಂದು ನಾನು ಊರಿಗೆಲ್ಲ ಸಾರಿದ್ದು ಸುಳ್ಳಾಗಿದ್ದರೆ? ಖಾರದ ಜೊತೆಗೇ ಅದೂ ಇದ್ದಿದ್ದರೆ? ಪಕ್ಕದ ಮನೆಯ ಪುಟ್ಟತಾಯಮ್ಮ ಹಾಲು ಕೊಡಲು ಬಂದವಳು ಚೆಂಬನ್ನು ನಮ್ಮ ಗೇಟಿಗೆ ಮುಟ್ಟಿಸದೆ ನೆಲದ ಮೇಲಿಟ್ಟು ಓಡುವುದನ್ನು ನೋಡಿದಾಗ, ಇಪ್ಪತ್ತು ವರ್ಷದಿಂದ ನಮ್ಮ ಅಡುಗೆಮನೆಗೇ ನುಗ್ಗಿ ಸಾರು ಕೇಳುತ್ತಿದ್ದ ಹೆಂಗಸು ಇವಳೇನಾ ಎನಿಸಿತು.

ಮದುವೆಯ ಹಿಂದಿನ ದಿನ ಮಧ್ಯಾಹ್ನವಾದರೂ ರಿಪೋರ್ಟಿಲ್ಲ. ಹೊರಗೆ ನನ್ನ ತಮ್ಮ ನಂಜುಂಡ, ಮದುವೆ ನಡೆಯುತ್ತದೋ ಇಲ್ಲವೋ ಗೊತ್ತಿಲ್ಲದೆಯೇ, ಚಪ್ಪರಕ್ಕೆ ಗರಿ ಹೊದಿಸುತ್ತಿದ್ದ. ನಾನು ಬರಲಾಗದಿದ್ದರೆ ಅವನು, ಅವನ ಹೆಂಡತಿ ಕೂತು ಧಾರೆ ಎರೆಯುವುದೆಂದು ಮಾತಾಗಿತ್ತು. ಅದಕ್ಕೂ ಬೀಗರು ಒಪ್ಪಬೇಕಲ್ಲ. ಆಗ ಫೋನು ಹೊಡೆದುಕೊಂಡಿತು. ಸಿದ್ದೇಗೌಡರು. ಮುಗಿಯಿತು ಕಥೆ ಎಂದುಕೊಂಡು ಎತ್ತಿದೆ.

"ಬೀಗ್ರೆ, ಒಬ್ರೇ ಇದ್ದೀರಾ?" ದನಿ ಬಹಳ ಸಣ್ಣದಾಗಿತ್ತು.

"ಒಬ್ಬನೇ ಇರೋದಕ್ಕೇ ಅಲ್ವೇ ನನ್ನ ಇಲ್ಲಿ ಕೂಡಿಹಾಕಿರೋದು," ಎಂದೆ.

"ನಿಮ್ಗೆ ವಾಸ್ನೆ ಬತ್ತದಾ?"

"ಬರ್ತದೆ."

ಆ ಕಡೆ ಬಾಗಿಲು ಹಾಕಿಕೊಂಡ ಸದ್ದಾಯಿತು. ಆಮೇಲೆ, "ನಂಗೆ ಬತ್ತಿಲ್ಲ ಕನ್ರಿ. ಬೆಳಿಗ್ಗೆ ನಮ್ಮನೆವ್ಳು ಉಳ್ಳೀಕಾಳ್ ಸಾರ್ಗೆ ಒಗ್ಗರಣೆ ಆಕುದ್ಲು. ಬೀದಿಲಿದ್ದೋರು ಸೀನ್ತಾವ್ರೆ, ನಂಗೆ ಏನೂ ಇಲ್ಲ. ಮೈಯೂ ವಸಿ ಬೆಚ್ಗದೆ. ಯಾರ್ಗೂ ಯೇಳಿಲ್ಲ. ಯೇಳುದ್ರೆ ನಾಳೆ ಮದ್ವೆ ನಿಂತೋಯ್ತದೆ, ನಿಮ್ನ ಆಡ್ಕಂಡೋನ್ ಮಾನಾನೂ ಓಯ್ತದೆ. ನಿಮ್ಮ ರಿಪೋರ್ಟು ಬರ್ದೆ ಇದ್ರೂ ಪರ್ವಾಗಿಲ್ಲ, ನಾನು ಒಪ್ಕತೀನಿ, ಮಾಡ್ಬುಡಣ. ನೀವೂ ಸುಮ್ನಿದ್ಬುಡಿ. ನಿಮ್ಗಾದ್ರೆ ಅರ್ತ ಆಯ್ತದೆ ಅಂತ ಯೇಳ್ದೆ."

ಓದುಗರೇ, ಮೊದಲು ನನಗೆ ಆದದ್ದು ಸಂತೋಷ ಎಂದರೆ ನೀವು ನನ್ನನ್ನು ಕೀಳಾಗಿ ಕಾಣಬಾರದು. ಮೂರ್ನಾಲ್ಕು ದಿನದಿಂದ ಸಗಣಿ ಮೆತ್ತಿಸಿಕೊಂಡವನಂತೆ ಕೂತಿದ್ದೇನೆ, ಮೆತ್ತಿದವರ ಮೈಯೇ ಈಗ ಬೆಚ್ಚಗಿದೆ. ಪಕ್ಕದಲ್ಲೇ ಆಂಪ್ಲಿಫೈಯರ್ ಇತ್ತು, ಮೈಕ್ ಇತ್ತು. ಕಿಂಡಿಯಿಂದ ಒಂದು ಹಾರ್ನು ಹೊರಗಿಟ್ಟು "ಮಹಾಜನರೇ" ಎಂದು ಶುರುಮಾಡಿದರೆ ಎಷ್ಟು ಚೆನ್ನ ಎಂದು ಒಂದು ಗಳಿಗೆ ಅನಿಸಿತು. ಎರಡನೆಯ ಗಳಿಗೆಗೆ ಆ ಸಂತೋಷ ಇಳಿಯಿತು. ಈಗ ಬೀಗರೇ ಒಪ್ಪಿದ್ದಾರೆ. ನಾನು ಬಾಯಿ ಮುಚ್ಚಿಕೊಂಡರೆ ನಾಳೆ ಮಗಳ ಮದುವೆ ನಿರ್ವಿಘ್ನವಾಗಿ ಆಗುತ್ತದೆ. ಚಪ್ಪರದಲ್ಲಿ ಹಿರಿಯರ ಸಾಲಿನಲ್ಲಿ ಮೊದಲ ಕುರ್ಚಿ ಸಿದ್ದೇಗೌಡರದು, ಎರಡನೆಯದು ನಮ್ಮ ಅವ್ವನದು. ಮೊಮ್ಮಗಳ ಮದುವೆ ನೋಡಿಯೇ ಕಣ್ಣುಮುಚ್ಚುತ್ತೇನೆ ಎನ್ನುತ್ತಿತ್ತು ಅದು. ನೋಡಿದ ಮೇಲೆ ಇಷ್ಟು ಬೇಗ ಮುಚ್ಚಬೇಕೆಂದು ಅದರ ಅರ್ಥವಾಗಿರಲಿಲ್ಲ. ಯೋಚನೆ ಮಾಡಿ ಹೇಳುತ್ತೇನೆ ಎಂದು ಫೋನಿಟ್ಟೆ. ಯೋಚನೆ ಮಾಡುವುದು ಏನೂ ಇರಲಿಲ್ಲ. ಧೈರ್ಯ ಮಾಡುವುದಿತ್ತು. ಅದು ನನ್ನಲ್ಲಿ ಯಾವತ್ತೂ ಸ್ಟಾಕ್ ಕಡಿಮೆ.

ಪವಿತ್ರಳಿಗೆ ಫೋನು ಮಾಡಿ ಕಿಂಡಿಯ ಹತ್ತಿರ ಕರೆದೆ. ಕೈಗೆ ಮೆಹಂದಿ ಹಾಕಿಕೊಂಡು, ಬೆರಳುಗಳನ್ನು ಅಗಲಿಸಿಕೊಂಡು ರಸ್ತೆ ದಾಟಿ ಬಂದು ದೂರದಲ್ಲಿ ನಿಂತಳು. ಹೇಳಿದೆ. ಅವಳ ಮುಖ ನೋಡಲಾಗದೆ ಅವಳ ಕೈಯ ಮೆಹಂದಿಯನ್ನೇ ನೋಡುತ್ತಾ ಹೇಳಿದೆ.

"ಅಪ್ಪ, ಇದನ್ನ ನೀನು ಯಾರಿಗೆ ಹೇಳ್ಬೇಕು ಅಂತಿದ್ದೀಯ?" ಎಂದಳು.

"ನಿನಗೆ ಹೇಳಿದೆನಲ್ಲ."

"ಸರಿ ಬಿಡು. ಹರೀಶ್‌ಗೆ ನಾನೇ ಹೇಳ್ತೀನಿ. ಮದುವೆ ನಿಂತರೆ ನಿಲ್ಲಲಿ. ಅಜ್ಜಿ ಇರಬೇಕು ನಂಗೆ." ಮೆಹಂದಿ ಹಸಿಯಾಗಿದ್ದರಿಂದ ನಂಜುಂಡನೇ ಫೋನನ್ನು ಅವಳ ಕಿವಿಗೆ ಹಿಡಿದ. ರಸ್ತೆಯ ಮಧ್ಯೆ ನಿಂತು ಮಾತಾಡಿದಳು. ನನಗೆ ಅವಳ ಮಾತು ಮಾತ್ರ ಕೇಳಿಸುತ್ತಿತ್ತು. "ಹ್ಞೂ... ಒಗ್ಗರಣೆದೇ... ಇಲ್ಲ, ಅವರೇ ಹೇಳಿದ್ದು... ನೀವು ಅವರನ್ನ ಬೈಬೇಡಿ." ಕೊನೆಗೆ ನನ್ನ ಕಡೆ ತಿರುಗಿ, "ಅವರು ಹೇಗೂ ಮಂಡೀಲೇ ಇರೋದಲ್ವಾ, ಅವರಪ್ಪ ಅಮ್ಮನನ್ನ ಮನೇಲೇ ಬಿಟ್ಟು, ಶಿವಪುರದ ಸೋದರಮಾವನ ಜೊತೆ ಬರ್ತೀನಿ ಅಂದ್ರು. ಅವರಪ್ಪ ಒಪ್ಪಿದರೆ," ಎಂದಳು.

ಒಪ್ಪಿದರೆ! ಹತ್ತು ನಿಮಿಷಕ್ಕೆ ಸಿದ್ದೇಗೌಡರು ನನಗೆ ಫೋನು ಮಾಡಿ, "ನಂಬಿ ಯೇಳುದ್ರೆ ಮಾನ ಕಳುದ್ರಲ್ರಿ. ಎತ್ತ್ ಮಗನ್ ಕೈಲಿ ಅನ್ನುಸ್ಕಂಡೆ," ಎಂದರು. ಅಷ್ಟೇ. ನಾನು ಮತ್ತೆ ಮಾಡಿದರೆ ಎತ್ತಲಿಲ್ಲ. ಹರೀಶನ ಫೋನೂ ಆಫಾಗಿತ್ತು. ಸುನಂದ ರಸ್ತೆಯ ಈ ಬದಿಗೆ ಬಂದು ನಿಂತು, ಮೂಗಿನ ಸೆರಗು ತೆಗೆದು, "ಮಗಳ ಮದುವೆ ಮುರಿಯಕ್ಕೆ ನಿಮಗೆ ಬಾಯಿ ಬಂತಲ್ಲ," ಎಂದು ಅತ್ತಳು. ಒಂದು ಗಳಿಗೆ ಬಿಟ್ಟು ತಾನೇ, "ಅವ್ವನ ಮುಖ ನೋಡಿದರೆ ನಾನಾದರೂ ಇದನ್ನೇ ಮಾಡ್ತಿದ್ದೆ," ಎಂದಳು.

ಮದುವೆಯ ಬೆಳಗ್ಗೆ. ಮನೆಯ ಮುಂದೆ ಚಪ್ಪರ, ನಮ್ಮ ಕಡೆಯ ಕೆಲವೇ ಜನ, ಎಲ್ಲರ ಮೂಗಿಗೂ ಬಟ್ಟೆ. ಪುರೋಹಿತರು ಮಾಸ್ಕಿನೊಳಗಿಂದ ಹೇಳುವ ಮಂತ್ರ ಅವರಿಗೇ ಕೇಳಿಸದು ಎಂದು ನಾನು ಗೋಡೌನಿಂದಲೇ ವೈರೆಳೆದು ಕೊಟ್ಟು ಒಂದು ಮೈಕ್ ಇಡಿಸಿದ್ದೆ. ಗಂಡಿನ ಕಡೆಯವರ ಸುಳಿವಿಲ್ಲ. ಮುಹೂರ್ತ ಹತ್ತಿರವಾಗುತ್ತಿತ್ತು. ಮದ್ದೂರಿನ ಕಡೆಯಿಂದ ಬರುವ ತಿರುವು ನನ್ನ ಕಿಂಡಿಗೆ ಓರೆಯಾಗಿ ಕಾಣುತ್ತಿತ್ತು. ಸ್ಪೀಕರ್ ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಅದನ್ನೇ ನೋಡಿದೆ. ಒಂದು ಕಾರು ಬಂತು, ಮುಂದೆ ಹೋಯಿತು. ಒಂದು ಹಾಲಿನ ವ್ಯಾನು. ಎರಡು ಬೈಕು. ಸುತ್ತಲಿನ ಮಹಡಿಗಳ ಮೇಲೆ ಜನ ಬಂದು ನಿಂತಿದ್ದರು, ಮದುವೆ ನೋಡಲೋ ನಿಂತುಹೋಗುವುದನ್ನು ನೋಡಲೋ ಯಾರಿಗೆ ಗೊತ್ತು. ಪವಿತ್ರ ಜಗುಲಿಯ ಮೇಲೆ ಬಾಸಿಂಗ ಕಟ್ಟಿಕೊಂಡು ಅವ್ವನ ಪಕ್ಕದಲ್ಲಿ ನೆಟ್ಟಗೆ ಕೂತಿದ್ದಳು. ಪುರೋಹಿತರು ಗಡಿಯಾರ ನೋಡಿಕೊಂಡು ಮೈಕಿನಲ್ಲಿ ಬೇಕೋ ಬೇಡವೋ ಎನ್ನುವಂತೆ, "ಗಂಡಿನ ಕಡೆಯವರು..." ಎಂದು ಅರ್ಧಕ್ಕೆ ನಿಲ್ಲಿಸಿದರು. ಆ ಅರ್ಧ ಮಾತು ಬೀದಿಯೆಲ್ಲ ಸುತ್ತಿ ನನ್ನ ಎದೆಗೆ ಬಂದು ಬಿತ್ತು.

ಆಗ ತಿರುವಿನಲ್ಲಿ ಎಳನೀರಿನ ಟೆಂಪೋ ಕಾಣಿಸಿತು. ಅಪ್ಪ ಕಾರಿನ ಕೀಲಿ ಕೊಟ್ಟಿರಲಿಲ್ಲವಂತೆ. ಪೇಟ ಕಟ್ಟಿಕೊಂಡ ಹರೀಶ ತಾನೇ ಓಡಿಸಿಕೊಂಡು ಬಂದಿದ್ದ. ಪಕ್ಕದಲ್ಲಿ ಸೋದರಮಾವ, ಅವರ ಹೆಂಡತಿ. ಹಿಂದೆ ಅರ್ಧ ಲೋಡು ಎಳನೀರು ಹಾಗೇ ಇತ್ತು. ಮಹಡಿಗಳ ಮೇಲಿನ ಜನ ಚಪ್ಪಾಳೆ ತಟ್ಟಿದರು. ನಾನು ಪೆಟ್ಟಿಗೆಯಿಂದ ಇಳಿಯಲು ಹೋಗಿ ಬಿದ್ದೆ.

ಮೊಣಕಾಲು ಉಜ್ಜಿಕೊಳ್ಳುತ್ತಿರುವಾಗ ಫೋನು. ಸಿದ್ದೇಗೌಡರು.

"ತಲುಪುದ್ನಾ?"

"ಈಗ ಬಂದ್ರು."

"ನಿಮ್ ಮೈಕು ನಡೀತಾದಾ?"

"ನಡೀತಾ ಇದೆ."

"ಅಂಗಾದ್ರೆ ನನ್ನ ಅದ್ಕಾಕಿ."

ಯಾಕೆ ಎಂದು ಕೇಳಲು ಹೆದರಿಕೆ. ಫೋನಿನ ತೂತಿಗೆ ವೈರು ಸಿಕ್ಕಿಸಿ ಆಂಪ್ಲಿಫೈಯರಿಗೆ ಕೊಟ್ಟೆ. ಇದು ಮದುವೆಯೋ ಜಗಳವೋ ಈಗ ಊರಿಗೆಲ್ಲ ಕೇಳಿಸುತ್ತದೆ ಎಂದುಕೊಂಡೆ. ಮೊದಲು ಗರಗರ, ಆಮೇಲೆ ಮದ್ದೂರಿನಲ್ಲಿ ಕೂತ ಮನುಷ್ಯನ ದನಿ ಮಳವಳ್ಳಿಯ ಬೀದಿಯಲ್ಲಿ ದೇವರ ದನಿಯಂತೆ ಎದ್ದಿತು:

"ನಾನು ಮದ್ದೂರ್ ಸಿದ್ದೇಗೌಡ, ಗಂಡಿನ್ ಅಪ್ಪ. ಕಾಯ್ಲೆ ಅನುಮಾನ ನಂಗದೆ. ಟೆಸ್ಟ್ಗೆ ಕೊಟ್ಟಿವ್ನಿ. ನಮ್ ಬೀಗ್ರು ಕೆಮ್ಮುದ್ರು ಅಂತ ನಾನು ಬಾಯ್ಗ್ ಬಂದಂಗೆ ಆಡ್ದೆ. ಮಗ ಟೆಂಪೋ ಅತ್ತಿ ಓದ್ಮೇಲೆ ಒಬ್ನೇ ಕುಂತು ಯೋಚ್ನೆ ಮಾಡ್ದೆ. ಅವ್ರು ನಿಜ ಯೇಳ್ದೆ ಓಗಿದ್ರೆ ನಾನು ಇವತ್ತು ನಿಮ್ಮ ಮದ್ಯಕ್ಕೆ ಬಂದು ಕುಂತಿರ್ತಿದ್ದೆ. ಯಾರ್ಗಾದ್ರೂ ಏನಾರ ಆಗಿದ್ರೆ ನನ್ ಮನೆ ಉದ್ದಾರ ಆಗ್ತಿತ್ತಾ? ಮಗ ಸೊಸೆ ಚೆಂದಾಗಿರ್ಲಿ. ಕೈ ಮುಗೀತೀನಿ, ಕಾಣಕಿಲ್ಲ ನಿಮ್ಗೆ, ಮುಗ್ದಿವ್ನಿ ಅಂತ ತಿಳ್ಕಳಿ."

ಹರೀಶ ಪೇಟ ತೆಗೆದು ಕಣ್ಣೊರೆಸಿಕೊಂಡ. ಪುರೋಹಿತರು ಗಂಟಲು ಸರಿಮಾಡಿಕೊಂಡು, "ಹೆಣ್ಣಿನ ತಂದೆಯೂ ಎರಡು ಮಾತು ಆಡಲಿ," ಎಂದರು.

ಬೇರೆಯವರ ಮಕ್ಕಳ ಮದುವೆಯಲ್ಲಿ ಅದೆಷ್ಟು ಸಲ "ನೂತನ ವಧೂವರರಿಗೆ" ಎಂದು ಬಾಯಿಪಾಠ ಒಪ್ಪಿಸಿದ್ದೇನೋ. ಮೈಕ್ ಹಿಡಿದರೆ ಅದರ ಒಂದಕ್ಷರ ಬರಲಿಲ್ಲ. ಬಂದದ್ದು ಬೇರೆ. "ಪವಿ, ನೀನು ಚಿಕ್ಕವಳಿದ್ದಾಗ ಮದುವೆ ಮನೆಗಳಿಗೆ ನನ್ನ ಜೊತೆ ಬರ್ತಿದ್ದೆ. ಸ್ಪೀಕರ್ ಪೆಟ್ಟಿಗೆ ಮೇಲೇ ಮಲಗ್ತಿದ್ದೆ. ಅಷ್ಟು ಸದ್ದಲ್ಲಿ ನಿದ್ದೆ ಬರ್ತಿತ್ತು ನಿಂಗೆ. ಮೈಕ್ ಆರಿಸಿದ ತಕ್ಷಣ ಎದ್ದು ಅಳ್ತಿದ್ದೆ. ಅಪ್ಪ ಎಲ್ಲೋ ಹೋದ ಅಂತ. ಅದಕ್ಕೆ ಬಂದ ಜನ ಎಲ್ಲ ಹೋದ ಮೇಲೂ ನಾನು ಸಣ್ಣಗೆ ಏನಾದರೂ ಹಾಕಿರ್ತಿದ್ದೆ. ಇವತ್ತು ನೀನು ಬೇರೆ ಮನೆಗೆ ಹೋಗ್ತೀಯ. ಇಲ್ಲಿ ಸದ್ದು ಕೇಳಿಸಲಿಲ್ಲ ಅಂತ ಅಪ್ಪ ಇಲ್ಲ ಅಂದ್ಕೋಬೇಡ. ಇಲ್ಲೇ ಇರ್ತೀನಿ." ಮಹಡಿಗಳ ಮೇಲೆ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡದ್ದು ಕಿಂಡಿಯಿಂದ ಕಂಡಿತು. ನಂಜುಂಡ ಧಾರೆ ಎರೆದ. ಗಟ್ಟಿಮೇಳವನ್ನು ನಾನೇ ಒಳಗಿಂದ ಹಾಕಿದೆ, ಬೇಕಾದ್ದಕ್ಕಿಂತ ಜೋರಾಗಿ.

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ನನ್ನ ಫಲಿತಾಂಶ ಬಂತು. ಏನೂ ಇಲ್ಲ. ಮೆಣಸಿನಕಾಯಿಯೇ. ಆಮೇಲೆ ಬಂದ ರಿಪೋರ್ಟಿನಲ್ಲಿ ಸಿದ್ದೇಗೌಡರಿಗೆ ಮಾತ್ರ ಇತ್ತು, ಅವರ ಹೆಂಡತಿಗೂ. ಇಬ್ಬರೂ ಕೆಲವು ದಿನ ಆಸ್ಪತ್ರೆಯಲ್ಲಿದ್ದು ಗುಣವಾದರು. ಅಷ್ಟು ದಿನವೂ ಗೌಡರು ದಿನಕ್ಕೆರಡು ಸಲ ನನಗೆ ಫೋನು ಮಾಡಿ, "ಬೀಗ್ರೆ, ಇವತ್ತು ಏನ್ ಸಾರು? ಯೇಳಿ, ಕೇಳ್ಕತೀನಿ, ವಾಸ್ನೆ ಅಂತೂ ಬರಾಕಿಲ್ಲ," ಎನ್ನುತ್ತಿದ್ದರು. ಅಷ್ಟು ವಿವರವಾಗಿ ನಾನು ಸುನಂದಳ ಸಾರನ್ನು ಅದಕ್ಕೆ ಮುಂಚೆ ಗಮನಿಸಿಯೇ ಇರಲಿಲ್ಲ. ಅವ್ವ ಇನ್ನೂ ಗಟ್ಟಿಯಾಗಿದೆ.

ಆ ಮದುವೆಯ ವೀಡಿಯೊ ಕೆಮ್ಮಿನ ವೀಡಿಯೊಗಿಂತ ವೇಗವಾಗಿ ಊರೂರಿಗೆ ಹೋಯಿತು. ಬೆಳಕವಾಡಿಯವರೊಬ್ಬರು ಫೋನು ಮಾಡಿ, ನಮ್ಮ ಅಜ್ಜ ಮಂಡ್ಯದಲ್ಲಿ ಸಿಕ್ಕಿಹಾಕಿಕೊಂಡಿದೆ, ಅದರ ಆಶೀರ್ವಾದ ಮೈಕಿಗೆ ಹಾಕಿಕೊಡ್ತೀರಾ ಎಂದರು. ಹಾಕಿಕೊಟ್ಟೆ. ಶ್ರಾವಣ ಬಂದ ಮೇಲೆ ಅದೇ ನನ್ನ ಕಸುಬಾಯಿತು. ಬರಲಾಗದ ನಂಟರನ್ನೆಲ್ಲ ಒಬ್ಬೊಬ್ಬರಾಗಿ ಫೋನಿನಲ್ಲಿ ಹಿಡಿದು ಚಪ್ಪರಕ್ಕೆ ಬಿಡುವುದು. ಹರೀಶ ಅದಕ್ಕೊಂದು ಎಳನೀರಿನ ಲೋಡನ್ನೂ ಸೇರಿಸಿ, ಮೈಕ್ ಮಾವನದು, ಬುಂಡೆ ಅಳಿಯನದು ಎಂದು ಜೋಡಿ ವ್ಯಾಪಾರ ಮಾಡಿದ. ಎಡವಟ್ಟುಗಳೂ ಆದವು. ಒಂದು ಮದುವೆಯಲ್ಲಿ ಗಂಡಿನ ದೊಡ್ಡಪ್ಪ ಆಶೀರ್ವಾದ ಮುಗಿಸಿ, ಫೋನು ಕಟ್ಟಾಯಿತೆಂದುಕೊಂಡು, "ಎಣ್ಣು ವಸಿ ಕುಳ್ಳು ಕಣ್ಲಾ, ಆದ್ರೂ ಬುಡು," ಎಂದದ್ದು ಚಪ್ಪರಕ್ಕೆಲ್ಲ ಕೇಳಿಸಿ, ನಾನು ವೈರು ಸುತ್ತಿಕೊಂಡು ಊಟ ಮಾಡದೆ ಓಡಿಬಂದೆ. ಈಗ ಜನ ಮತ್ತೆ ಮೈಗೆ ಮೈ ತಾಗಿಸಿಕೊಂಡು ಮದುವೆಗೆ ಬರುತ್ತಾರೆ. ಪುಟ್ಟತಾಯಮ್ಮ ಮತ್ತೆ ನಮ್ಮ ಅಡುಗೆಮನೆಗೆ ನುಗ್ಗುತ್ತಾಳೆ. ಫೋನಿನ ಆಶೀರ್ವಾದ ಯಾರಿಗೂ ಬೇಡ.

ಪವಿತ್ರ ತಿಂಗಳಿಗೊಮ್ಮೆ ಮದ್ದೂರಿನಿಂದ ಬರುತ್ತಾಳೆ. ಅವಳು ಬರುವ ದಿನ ಬೆಳಗ್ಗೆಯಿಂದಲೇ ನಾನು, ಇವತ್ತು ಕೂತು ನಾಲ್ಕು ಒಳ್ಳೆಯ ಮಾತಾಡಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿರುತ್ತೇನೆ. ಬಂದು ಎದುರಿಗೆ ಕೂತಳು ಅಂದರೆ, "ಬಸ್ಸು ರಶ್ಶಿತ್ತಾ?" ಎನ್ನುತ್ತೇನೆ. "ಇತ್ತು," ಎನ್ನುತ್ತಾಳೆ. "ಊಟ ಆಯ್ತಾ?" ಎನ್ನುತ್ತೇನೆ. "ಈಗ ತಾನೇ ಬಂದೆನಲ್ಲಪ್ಪ," ಎನ್ನುತ್ತಾಳೆ. ಅಲ್ಲಿಗೆ ನನ್ನ ಸರಕು ಮುಗಿಯುತ್ತದೆ. ಕಳೆದ ಸಲವೂ ಹಾಗೇ ಆಯಿತು. ಅವಳು ಕಾಫಿ ಮುಗಿಸಿ ಲೋಟ ಕೆಳಗಿಟ್ಟಳು. ಆಮೇಲೆ ಎದ್ದು ಹೋಗಿ, ಗೋಡೆಯ ಮೊಳೆಯಿಂದ ಗೋ‌ಡೌನಿನ ಬೀಗದ ಕೈ ತಂದು ನನ್ನ ಮುಂದಿಟ್ಟು ಹೇಳಿದಳು:

"ಹೋಗಪ್ಪ, ಅಲ್ಲಿಂದ ಫೋನ್ ಮಾಡು. ಕಾಯ್ತಿರ್ತೀನಿ."